ಹಗ್ಗ ಕಟ್ಟದವರ ಹೆಸರು ಎಫ್‌ಐಆರ್‌ನಲ್ಲಿ ಯಾಕಿಲ್ಲ?

ಬೆಂಗಳೂರು ಸಂಚಾರ ಪೊಲೀಸ್ ವಿಭಾಗದ ಜಂಟಿ ಆಯುಕ್ತರಿಗೆ ಮತ್ತು ಕರ್ನಾಟಕ ಸಾರಿಗೆ ಆಯುಕ್ತರಿಗೆ,

ಮಾನ್ಯರೇ,

ನಾನು ಲಗ್ಗೆರೆಯವಳು. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಕೀಲಿ ಓದಿದವಳಲ್ಲ. ನನ್ನ ಗಂಡನ ಕೇಸಿಗಾಗಿ ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್ ಎಲ್ಲವನ್ನೂ ಕೂತು ಓದಬೇಕಾಯಿತು. ಓದಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಅದನ್ನು ಠಾಣೆಯಲ್ಲಿ ಕೇಳಿದೆ, ಕೋರ್ಟಿನ ಹೊರಗೆ ವಕೀಲರನ್ನು ಕೇಳಿದೆ. ಈಗ ನಿಮ್ಮಿಬ್ಬರನ್ನೂ ಎಲ್ಲರ ಎದುರು ಕೇಳುತ್ತಿದ್ದೇನೆ.

2024ರ ಆಷಾಢ. ಸಂಜೆ ಆರೂವರೆ. ನನ್ನ ಗಂಡ ನಾಗರಬಾವಿ ಕಡೆಯಿಂದ ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದರು. ಸುಮನಹಳ್ಳಿ ಮೇಲ್ಸೇತುವೆ ಹತ್ತಿದ್ದಾರೆ. ಮುಂದೆ ಒಂದು ಗೂಡ್ಸ್ ಆಟೋ. ಅದರ ಮೇಲೆ ಪ್ಲೈವುಡ್ ಹಲಗೆಗಳು, ಎಂಟಡಿ ಉದ್ದ, ನಾಲ್ಕಡಿ ಅಗಲ. ಆಟೋದ ಬಾಡಿಗೆ ಅಷ್ಟು ಉದ್ದ ಎಲ್ಲಿಂದ ಬರಬೇಕು? ಹಿಂದಕ್ಕೆ ಎರಡಡಿ ಚಾಚಿಕೊಂಡಿದ್ದವು. ಹಗ್ಗ ಇರಲಿಲ್ಲ. ಹಲಗೆಗಳ ಮೇಲೆ ಭಾರಕ್ಕೆ ಅಂತ ಎರಡು ಅಂಟಿನ ಡಬ್ಬ ಇಟ್ಟಿದ್ದರು.

ಆಷಾಢ ಗಾಳಿಪಟದ ಕಾಲ. ಸೇತುವೆ ಮೇಲೆ ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ತೆಳುವಾದ ಮೂವತ್ತೆರಡು ಚದರಡಿ ಹಲಗೆಯ ಅಡಿಗೆ ಒಮ್ಮೆ ಗಾಳಿ ಹೊಕ್ಕರೆ ಅದೂ ಪಟವೇ. ಮೇಲಿನ ಹಲಗೆ ಎದ್ದು ಹಾರಿತು. ಇವರು ಬ್ರೇಕ್ ಹಿಡಿಯುವಷ್ಟೂ ಸಮಯ ಸಿಗಲಿಲ್ಲ. ಹಲಗೆಯ ಅಂಚು ಹ್ಯಾಂಡಲ್‌ಗೆ ಬಡಿದು ಸ್ಕೂಟರ್ ಪಕ್ಕದ ತಡೆಗೋಡೆಗೆ ಗುದ್ದಿತು. ಬಲ ತೊಡೆಯ ಮೂಳೆ ಮುರಿಯಿತು, ರಾಡ್ ಹಾಕಿದರು. ಅವರದು ದಿನವಿಡೀ ಮೆಷಿನ್ ಮುಂದೆ ನಿಂತು ಮಾಡುವ ಕೆಲಸ. ಐದು ತಿಂಗಳು ಮನೆಯಲ್ಲಿದ್ದರು. ಈಗಲೂ ಮಧ್ಯಾಹ್ನದ ಮೇಲೆ ನಿಲ್ಲಲು ಆಗುವುದಿಲ್ಲ.

ಗೂಡ್ಸ್ ಆಟೋ ಹುಡುಗ ಓಡಿಹೋಗಲಿಲ್ಲ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಓಡಿ ಬಂದ. ಆಸ್ಪತ್ರೆಗೂ ಬಂದ. ಶಿರಾ ಕಡೆಯವನು, ಇಪ್ಪತ್ಮೂರು ವರ್ಷ. ಆಟೋ ಅವನದಲ್ಲ, ದಿನಕ್ಕಿಷ್ಟು ಅಂತ ಮಾಲೀಕನಿಗೆ ಕಟ್ಟಿ ಓಡಿಸುತ್ತಿದ್ದ. ಅವತ್ತು ಅವನ ಮುಖ ನೋಡುವ ಮನಸ್ಸು ನನಗಿರಲಿಲ್ಲ. ವಾರದ ಮೇಲೆ ಮತ್ತೆ ಬಂದಾಗ ಕೇಳಿದೆ, “ಹಗ್ಗ ಯಾಕೆ ಕಟ್ಟಲಿಲ್ಲಪ್ಪ?” ಅವನು ಹೇಳಿದ್ದು ಇಷ್ಟು: “ಅಂಗಡಿಯಲ್ಲಿ ಹಗ್ಗ ಕೇಳಿದೆ ಅಕ್ಕ. ‘ಇಲ್ಲೇ ಹತ್ತು ನಿಮಿಷದ ದಾರಿ, ಡಬ್ಬ ಇಡ್ತೀವಿ, ಹಿಂದೆ ಇನ್ನೊಂದು ಗಾಡಿ ಕಾಯ್ತಿದೆ, ತೆಗಿ’ ಅಂದರು. ಎರಡು ಟ್ರಿಪ್ ಮಾಡ್ತೀನಿ ಅಂದರೆ ಬಾಡಿಗೆ ಒಂದೇ ಟ್ರಿಪ್ಪಿಗೆ ಅಂದರು.”

ಅವನು ಹೇಳಿದ್ದೆಲ್ಲ ನಿಜವೇ ಅಂತ ನಾನು ಹೇಗೆ ಹೇಳಲಿ? ತನಿಖೆ ಮಾಡಬೇಕಾದವರು ಕೇಳಿದ್ದರೆ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ.

ಎಫ್‌ಐಆರ್‌ನಲ್ಲಿ ಏನಿದೆ ಗೊತ್ತೇ? “ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ.” ಸಂಜೆ ಆರೂವರೆಗೆ ರಿಂಗ್ ರೋಡಿನಲ್ಲಿ ಲೋಡ್ ತುಂಬಿದ ಗೂಡ್ಸ್ ಆಟೋ ಎಂಥ ಅತಿವೇಗದಲ್ಲಿ ಹೋದೀತು? ಎಲ್ಲ ಅಪಘಾತಕ್ಕೂ ಬರೆಯುವ ಆ ಒಂದು ಸಾಲನ್ನೇ ಇಲ್ಲಿಯೂ ಬರೆದಿದ್ದಾರೆ. ಹಗ್ಗ ಅನ್ನುವ ಪದವೇ ಎಲ್ಲೂ ಇಲ್ಲ. ಮಹಜರಿನಲ್ಲಿ ಹಲಗೆ ಬಿದ್ದ ಜಾಗ ಇದೆ, ಗಾಡಿಯ ಮೇಲೆ ಉಳಿದ ಹಲಗೆಗಳು ಹೇಗಿದ್ದವು ಅನ್ನುವುದು ಇಲ್ಲ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕ್ ಸರಿ ಇದೆ, ಸ್ಟೇರಿಂಗ್ ಸರಿ ಇದೆ, ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ ಅಂತ ಇದೆ. ಆರೋಪಿ ಒಬ್ಬನೇ, ಆ ಹುಡುಗ. ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಪೊಲೀಸರ ಲೆಕ್ಕದಲ್ಲಿ ಅಲ್ಲಿಗೆ ಕೇಸ್ ಮುಗಿಯಿತು. ಆ ಅಂಗಡಿಯಿಂದ ಮಾರನೇ ದಿನವೂ ಅದೇ ಥರ ಲೋಡ್ ಹೊರಟಿರುತ್ತದೆ, ಅಲ್ವಾ?

ನನ್ನ ಪ್ರಶ್ನೆ ಇದೇ. ಲೋಡ್ ತುಂಬಿಸಿದವರು, ಕಟ್ಟದೆ ಕಳಿಸಿದವರು, ಒಂದೇ ಟ್ರಿಪ್ಪಿನಲ್ಲಿ ಹೋಗಲಿ ಅಂದವರು, ಇವರ ಹೆಸರು ಯಾಕೆ ಯಾವ ಕಾಗದದಲ್ಲೂ ಬರುವುದಿಲ್ಲ?

ಕಾನೂನು ಇಲ್ಲ ಅಂತ ನನಗೆ ಹೇಳಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಅದರ 194(1ಎ) ಕಲಂ ಪ್ರಕಾರ ಲೋಡ್ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಬಾಡಿಯಿಂದ ಆಚೆ ಚಾಚಿದ್ದರೆ, ಮಿತಿ ಮೀರಿ ಎತ್ತರ ಇದ್ದರೆ, 20,000 ರೂಪಾಯಿ ದಂಡ. ಹೆಚ್ಚಿನ ಸರಕು ಇಳಿಸುವ ಖರ್ಚೂ ಅವರದೇ. ಯಾರಿಗೆ ಈ ದಂಡ? ಓಡಿಸಿದವನಿಗೆ ಮಾತ್ರ ಅಲ್ಲ. ಓಡಿಸಲು ಕಾರಣನಾದವನಿಗೆ, ಓಡಿಸಲು ಬಿಟ್ಟವನಿಗೂ ಅಂತ ಆ ಕಲಂನಲ್ಲೇ ಇದೆ. ತೂಕ ಜಾಸ್ತಿ ಹಾಕಿದ್ದಕ್ಕೂ ಇದೇ ಮಾತು ಇದೆ: 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000. ಚಾಲಕ ಬೇರೆ ಮಾಲೀಕ ಬೇರೆ ಆಗಿದ್ದರೆ, ಅತಿಭಾರ ಮಾಲೀಕನಿಗೆ ಗೊತ್ತಿದ್ದೇ ಆಗಿದೆ ಅಂತ ಕೋರ್ಟು ಭಾವಿಸಬಹುದು ಎಂದು 113ನೇ ಕಲಂ ಹೇಳುತ್ತದೆ. ಹೊರಚಾಚಿದ ಕಬ್ಬಿಣದ ಕಂಬಿಗೆ ಮೊದಲು ಇದ್ದ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2014ರಲ್ಲೇ ತೆಗೆದುಹಾಕಿದೆ. ಆದರೂ ಕಂಬಿಯ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಸಾಕು, ತಪ್ಪಿಲ್ಲ ಅಂತ ಜನ ಇನ್ನೂ ನಂಬಿದ್ದಾರೆ.

ಚಾಚಿಕೊಳ್ಳದೆ ಬಾಡಿಯ ಒಳಗೇ ಸಡಿಲವಾಗಿ ಬಿದ್ದಿರುವ ಲೋಡಿಗೆ ಈ ಕಲಂ ಸಾಲದು. ಅದಕ್ಕೆ ಭಾರತೀಯ ನ್ಯಾಯ ಸಂಹಿತೆ ಇದೆ. ಐಪಿಸಿಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 281ನೇ ಕಲಂ ಗಾಡಿ ಓಡಿಸುವವರಿಗೆ. ಆದರೆ 125ನೇ ಕಲಂ ಹಾಗಲ್ಲ. ನಿರ್ಲಕ್ಷ್ಯದ ಕೆಲಸದಿಂದ ಬೇರೆಯವರ ಜೀವಕ್ಕೆ ಅಪಾಯ ತಂದವರು ಯಾರೇ ಆಗಲಿ, ಅವರಿಗೆ ಅದು ಅನ್ವಯಿಸುತ್ತದೆ. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಶಿಕ್ಷೆ. ಸಾವಾದರೆ 106(1)ನೇ ಕಲಂ, ಐದು ವರ್ಷದವರೆಗೆ. ಹಳೆಯ ಐಪಿಸಿಯಲ್ಲಿ ಇದು ಎರಡೇ ವರ್ಷ ಇತ್ತು. ಈ ಎರಡು ಕಲಂಗಳಲ್ಲಿ ಚಾಲಕ ಅನ್ನುವ ಪದವೇ ಇಲ್ಲ. ಯಾರೇ ಆಗಲಿ ಅಂತಲೇ ಇದೆ.

ಒಬ್ಬ ವಕೀಲರು ನನಗೆ ಹೇಳಿದರು, “ಅಮ್ಮ, ಕ್ರಿಮಿನಲ್ ಕೇಸಿನಲ್ಲಿ ನೇರ ಕಾರಣ ಬೇಕು. ದೂರದ ಕಾರಣ ಸಾಲದು.” ಸರಿ, ಒಪ್ಪುತ್ತೇನೆ. ಆದರೆ ಹಲಗೆ ಹಾರಿದ್ದಕ್ಕೆ ನೇರ ಕಾರಣ ಯಾವುದು? ಗಾಡಿಯ ವೇಗವೋ, ಕಟ್ಟದ ಹಗ್ಗವೋ? ಹುಡುಕಿದರೆ ತಾನೇ ಸಿಗುವುದು. ಹುಡುಗನ ಜೇಬಿನಲ್ಲಿ ಅಂಗಡಿಯ ಬಿಲ್ ಇತ್ತು. ಅದರ ಮೇಲೆ ಸಮಯ ಇತ್ತು, ಅಂಗಡಿಯ ಹೆಸರಿತ್ತು. ಅಂಗಡಿ ಮುಂದೆ ಕ್ಯಾಮೆರಾ ಇದೆ, ನಾನೇ ಹೋಗಿ ನೋಡಿಕೊಂಡು ಬಂದೆ. ಯಾರು ತುಂಬಿದರು, ಯಾರು ಡಬ್ಬ ಇಟ್ಟರು, ಹುಡುಗ ಹಗ್ಗ ಕೇಳಿದನೋ ಇಲ್ಲವೋ ಎಲ್ಲ ಅದರಲ್ಲಿ ಇದ್ದಿರಬೇಕು. ನಾನು ಹೋಗುವಷ್ಟರಲ್ಲಿ ತಿಂಗಳು ಕಳೆದಿತ್ತು, ಹಳೆಯದು ಅಳಿಸಿಹೋಗಿದೆ ಅಂದರು. ಪೊಲೀಸರು ಮಾರನೇ ದಿನ ಹೋಗಿದ್ದರೆ ಸಿಗುತ್ತಿತ್ತು.

ಚಾಲಕನದು ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಲೋಡ್ ಸರಿ ಇಲ್ಲದಿದ್ದರೆ ಗಾಡಿ ತೆಗೆಯಬಾರದಿತ್ತು. ಅದು ಅವನ ಜವಾಬ್ದಾರಿ. ಆದರೆ ತೆಗೆಯಲ್ಲ ಅಂದ ಡ್ರೈವರ್‌ಗೆ ನಾಳೆ ಅದೇ ಅಂಗಡಿಯಲ್ಲಿ ಬಾಡಿಗೆ ಸಿಗುತ್ತದೆಯೇ? ಹಮಾಲಿಗಳನ್ನು ಹಿಡಿದು ತನ್ನಿ ಅಂತಲೂ ಹೇಳುತ್ತಿಲ್ಲ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಮೂಟೆಗಿಷ್ಟು ಅಂತ ಕೂಲಿ ತೆಗೆದುಕೊಳ್ಳುವವರು ಅವರು. ಹಗ್ಗ ಬಿಗಿಯಲು ಹೋಗುವ ಸಮಯಕ್ಕೆ ಅವರಿಗೆ ಯಾರೂ ಕಾಸು ಕೊಡುವುದಿಲ್ಲ. ಒಂದು ಗಾಡಿಗೆ ಎಷ್ಟು ತುಂಬಬೇಕು, ಎಷ್ಟು ಹೊತ್ತಿನಲ್ಲಿ ಹೊರಡಬೇಕು ಅಂತ ಹೇಳುವ ಅಧಿಕಾರ ಯಾರಿಗಿದೆಯೋ ಅವರನ್ನು ಕೇಳಿ.

ಈ ಥರದ ಹಂಚಿಕೆ ಹೊಸದೇನೂ ಅಲ್ಲ. ಪೆಟ್ರೋಲ್, ಆಸಿಡ್, ಗ್ಯಾಸ್ ಸಾಗಿಸುವ ಗಾಡಿಗಳಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದು ಇದೆ. ಸರಕು ಕಳಿಸುವವನ ಜವಾಬ್ದಾರಿ 131ನೇ ನಿಯಮದಲ್ಲಿ, ಸಾಗಿಸುವ ಮಾಲೀಕನದು 132ರಲ್ಲಿ, ಚಾಲಕನದು 133ರಲ್ಲಿ. ಮೂವರಿಗೂ ಬೇರೆಬೇರೆ ಬರೆದಿದ್ದಾರೆ. ಟ್ಯಾಂಕರ್‌ಗೆ ಸರಿ ಅನಿಸಿದ್ದು ಕಲ್ಲಿಗೆ, ಕಂಬಿಗೆ, ಶೀಟಿಗೆ ಯಾಕೆ ಬೇಡ? ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಭಾರಿ ವಾಹನಗಳ ಕಾನೂನು 2014ರಿಂದ ಜಾರಿಯಲ್ಲಿದೆ. ಅಲ್ಲಿ ಸರಕು ಕಳಿಸಿದವರು, ಪ್ಯಾಕ್ ಮಾಡಿದವರು, ತುಂಬಿದವರು, ಟ್ರಿಪ್ಪಿನ ಸಮಯ ನಿಗದಿ ಮಾಡಿದವರು ಎಲ್ಲರೂ ಒಂದೇ ಸರಪಳಿಯ ಕೊಂಡಿಗಳು. ಬ್ರಿಟನ್ನಿನಲ್ಲಿ ಲೋಡ್ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕವನ್ನೇ ಕೊಟ್ಟಿದ್ದಾರೆ. ಮುಂದಕ್ಕೆ ಜಾರದಂತೆ ಲೋಡಿನ ಪೂರ್ತಿ ತೂಕವನ್ನು ತಡೆಯುವಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ತೂಕವನ್ನು ತಡೆಯುವಷ್ಟು. ಒಂದು ಟನ್ ಕಂಬಿ ಹಾಕಿದರೆ, ಬ್ರೇಕ್ ಹಾಕಿದಾಗ ಒಂದು ಟನ್ ಮುಂದಕ್ಕೆ ನುಗ್ಗುತ್ತದೆ ಅಂತಲೇ ಇಟ್ಟುಕೊಂಡು ಕಟ್ಟಬೇಕು. ನಮ್ಮಲ್ಲಿ ಒಂದು ಸುತ್ತು ನೈಲಾನ್ ಹಗ್ಗ ಹಾಕಿ, ಕೈಯಲ್ಲಿ ಎರಡು ಸಲ ತಟ್ಟಿ, “ರೈಟ್, ಹೋಗಲಿ” ಅನ್ನುತ್ತೇವೆ.

ಇದು ಗೂಡ್ಸ್ ಆಟೋದ ಕಥೆ ಮಾತ್ರ ಅಲ್ಲ. 2025ರ ಏಪ್ರಿಲ್ ಮಧ್ಯದ ಒಂದು ರಾತ್ರಿ ಯಲಹಂಕದ ಕೋಗಿಲು ಕ್ರಾಸ್ ಬಳಿ ಏನಾಯಿತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೆಟ್ರೋ ಕಾಮಗಾರಿಗೆಂದು ಉದ್ದನೆಯ ಟ್ರೇಲರ್‌ನಲ್ಲಿ ಸಾಗಿಸುತ್ತಿದ್ದ ಕಾಂಕ್ರೀಟ್ ತೊಲೆ ಆಟೋರಿಕ್ಷಾದ ಮೇಲೆ ಬಿತ್ತು. ದುಡಿಯಲು ಹೊರಟಿದ್ದ ಆಟೋ ಚಾಲಕ ಸತ್ತರು. ಆ ತೊಲೆಯನ್ನು ಟ್ರೇಲರ್ ಚಾಲಕ ಒಬ್ಬನೇ ಎತ್ತಿ ಇಟ್ಟಿರಲು ಸಾಧ್ಯವೇ? ಅದಕ್ಕೆ ಕ್ರೇನ್ ಬೇಕು, ಎಂಜಿನಿಯರ್ ಬೇಕು, ಸರಿ ಇದೆ ಹೊರಡು ಅಂತ ಹೇಳುವವರು ಬೇಕು. ಅಷ್ಟು ದೊಡ್ಡ ಲೋಡಿಗೇ ಹೀಗಾದರೆ ಸಣ್ಣ ಅಂಗಡಿಯ ಮುಂದೆ ನಿಂತು ಯಾರು ಕೇಳುತ್ತಾರೆ?

ಇನ್ನೊಂದು ಮಾತು ಹೇಳಲೇಬೇಕು. ನಮಗಾದರೂ ಗಾಡಿ ಸಿಕ್ಕಿತು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಹೂವಿನ ವ್ಯಾಪಾರಿ ಇದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಸಿಟಿ ಮಾರ್ಕೆಟ್‌ಗೆ ಹೋಗುತ್ತಾರೆ. ರಾತ್ರಿಯೆಲ್ಲ ಟಿಪ್ಪರ್‌ಗಳು ಓಡುವ ರಸ್ತೆ. ಟಾರ್ಪಾಲ್ ಹಾಕದ ಯಾವುದೋ ಟಿಪ್ಪರ್‌ನಿಂದ ತಿರುವಿನಲ್ಲಿ ಜೆಲ್ಲಿ ಚೆಲ್ಲಿತ್ತು. ಗಾಡಿ ಜಾರಿ ಬಿದ್ದರು. ಮುಂಗೈ ಎರಡು ಕಡೆ ಮುರಿಯಿತು. ಠಾಣೆಯಲ್ಲಿ “ಸ್ವಯಂ ಅಪಘಾತ” ಅಂತ ಬರೆದುಕೊಂಡರು. ಅಂದರೆ ತಪ್ಪು ಅವರದೇ! ಅಜಾಗರೂಕತೆಯಿಂದ ಓಡಿಸಿ ತಾವೇ ಬಿದ್ದರು ಅಂತ. ರಸ್ತೆ ಮಧ್ಯೆ ಜೆಲ್ಲಿ ತಾನಾಗಿ ಹುಟ್ಟುತ್ತದೆಯೇ?

ಈ ಎರಡು ಪದದಿಂದ ಎಷ್ಟು ನಷ್ಟ ಅಂತ ಬರೆಯುವವರಿಗೆ ಗೊತ್ತಿದೆಯೋ ಇಲ್ಲವೋ. ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಕ್ಕೆ ಪರಿಹಾರ ಕೊಡುವ ಕೇಂದ್ರದ ಯೋಜನೆ 2022ರ ಏಪ್ರಿಲ್ 1ರಿಂದ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿಯನ್ನು ತಹಶೀಲ್ದಾರ್ ಮಟ್ಟದಲ್ಲಿ ವಿಚಾರಣೆ ಮಾಡುತ್ತಾರೆ. ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಗಾಡಿ ಬಂದು ಗುದ್ದಿರಲೇಬೇಕು ಅನ್ನುವುದಿಲ್ಲ. ಮೋಟಾರು ವಾಹನದ ಬಳಕೆಯಿಂದ ಆದ ಅಪಘಾತ, ಹುಡುಕಿದರೂ ಗಾಡಿ ಯಾವುದೆಂದು ಗೊತ್ತಾಗಲಿಲ್ಲ, ಇಷ್ಟೇ. ವಾಹನದ ಬಳಕೆ ಅನ್ನುವುದನ್ನು ಸುಪ್ರೀಂ ಕೋರ್ಟ್ ಎಷ್ಟು ಅಗಲವಾಗಿ ಓದಿದೆ ನೋಡಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ 1987ರಲ್ಲಿ ಒಂದು ಪೆಟ್ರೋಲ್ ಟ್ಯಾಂಕರ್ ಲಾರಿಗೆ ತಾಗಿ ಪಕ್ಕಕ್ಕೆ ಉರುಳಿತು. ಸೋರಿದ ಪೆಟ್ರೋಲ್ ಸುಮಾರು ನಾಲ್ಕು ಗಂಟೆ ಆದ ಮೇಲೆ ಹೊತ್ತಿಕೊಂಡು ಜನ ಸತ್ತರು. ಗಾಡಿ ಆಗ ಓಡುತ್ತಿರಲಿಲ್ಲ, ಸುಮ್ಮನೆ ಬಿದ್ದಿತ್ತು. ಆದರೂ ಅದು ವಾಹನದ ಬಳಕೆಯಿಂದಲೇ ಆದದ್ದು ಅಂತ 1991ರಲ್ಲಿ ಕೋರ್ಟು ಹೇಳಿತು. ಹಾಗಿರುವಾಗ ಟಿಪ್ಪರ್‌ನಿಂದ ಚೆಲ್ಲಿದ ಜೆಲ್ಲಿ ಯಾವ ಲೆಕ್ಕಕ್ಕೆ ಬರುತ್ತದೆ?

ಗಾಡಿಯ ವಿವರ ಒಂದು ತಿಂಗಳಲ್ಲಿ ಸಿಗದಿದ್ದರೆ, ಈ ಪರಿಹಾರ ಯೋಜನೆಯ ಬಗ್ಗೆ ಗಾಯಾಳುವಿಗೆ ಅಥವಾ ಮನೆಯವರಿಗೆ ಠಾಣೆಯಿಂದ ಬರಹದಲ್ಲೇ ತಿಳಿಸಬೇಕು ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ನಮ್ಮ ಹೂವಿನವರಿಗೆ ಅಂಥ ಕಾಗದ ಬರಲಿಲ್ಲ. ಬರುವುದು ಹೇಗೆ? ಸ್ವಯಂ ಅಪಘಾತ ಅಂತ ಬರೆದ ಮೇಲೆ ಹುಡುಕಬೇಕಾದ ಗಾಡಿಯೇ ಇಲ್ಲವಲ್ಲ. ಅವರಿಗೆ ಓದು ಬಾರದು. ಕೇಳಲೂ ಗೊತ್ತಿರಲಿಲ್ಲ.

ಪರಿಹಾರದ ಕೋರ್ಟಿನ ಅನುಭವವನ್ನೂ ಸ್ವಲ್ಪ ಹೇಳುತ್ತೇನೆ. ಅಪಘಾತವಾದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆಯ 166ನೇ ಕಲಂನಲ್ಲಿ ಈಗ ಇದೆ. ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದವರಿಗೆ ಆರು ತಿಂಗಳು ಬೇಗ ಕಳೆಯುತ್ತದೆ. ನಾವು ಐದನೇ ತಿಂಗಳಲ್ಲಿ ಹಾಕಿದೆವು. ಅಲ್ಲಿ ವಿಮಾ ಕಂಪನಿಯ ವಕೀಲರು ಎಫ್‌ಐಆರ್ ಹಿಡಿದುಕೊಂಡೇ ಕೇಳಿದರು: ಅತಿವೇಗ ಅಂತ ಇದೆ, ಎಷ್ಟು ವೇಗದಲ್ಲಿತ್ತು? ನೀವು ಎಷ್ಟು ಅಂತರದಲ್ಲಿದ್ದಿರಿ? ಹತ್ತಿರ ಹೋಗಿದ್ದು ನಿಮ್ಮದೂ ತಪ್ಪಲ್ಲವೇ? ನನ್ನ ಗಂಡ ತಬ್ಬಿಬ್ಬಾದರು. ಮಹಜರಿನಲ್ಲಿ “ಹಲಗೆಗಳಿಗೆ ಹಗ್ಗ ಕಟ್ಟಿರಲಿಲ್ಲ” ಅಂತ ಒಂದು ಸಾಲು ಇದ್ದಿದ್ದರೆ ಈ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತಿತ್ತು.

1863ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತೀರ್ಪು ಬಂತು ಅಂತ ನಮ್ಮ ವಕೀಲರು ಹೇಳಿದರು. ಲಿವರ್‌ಪೂಲ್‌ನಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದವನ ಮೇಲೆ ಮಳಿಗೆಯ ಮಹಡಿಯಿಂದ ಹಿಟ್ಟಿನ ಪೀಪಾಯಿ ಬಿತ್ತು. ಹೇಗೆ ಬಿತ್ತು ಅಂತ ಸಾಬೀತು ಮಾಡಲು ಅವನಿಂದ ಆಗಲಿಲ್ಲ. ನ್ಯಾಯಾಧೀಶರು ಹೇಳಿದರು, ಯಾರದೂ ಅಜಾಗರೂಕತೆ ಇಲ್ಲದೆ ಪೀಪಾಯಿ ತಾನಾಗಿ ಬೀಳುವುದಿಲ್ಲ, ಘಟನೆಯೇ ಮಾತಾಡುತ್ತದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 1977ರಲ್ಲಿ, ರಸ್ತೆ ಬಿಟ್ಟು ಮರಕ್ಕೆ ಗುದ್ದಿದ ಕಾರಿನ ಪ್ರಕರಣದಲ್ಲಿ ಇದೇ ಮಾತನ್ನು ಒಪ್ಪಿದೆ. ಪ್ಲೈವುಡ್ ಹಲಗೆಯೂ ಹಾಗೆಯೇ. ಬಿಗಿಯಾಗಿ ಕಟ್ಟಿದ ಹಲಗೆ ಹಾರುವುದಿಲ್ಲ. ಅಷ್ಟನ್ನು ಬರೆದುಕೊಳ್ಳಲು ಠಾಣೆಯವರಿಗೆ ಕಷ್ಟ ಏನು?

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಸಾರಿಗೆ ಆಯುಕ್ತರೇ, ನಿಮ್ಮ ನಿರೀಕ್ಷಕರು ಅಪಘಾತದ ಗಾಡಿ ನೋಡಿ ಬರೆಯುವ ವರದಿಯಲ್ಲಿ ಬ್ರೇಕ್, ಲೈಟು, ಟೈರಿನ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಲೋಡ್ ಯಾವುದರಿಂದ, ಹೇಗೆ ಕಟ್ಟಿತ್ತು. ಇದಕ್ಕೆ ಹೊಸ ಕಾನೂನು ಬೇಡ, ನಿಮ್ಮ ಒಂದು ಸುತ್ತೋಲೆ ಸಾಕು. ಜಂಟಿ ಆಯುಕ್ತರೇ, ಸರಕು ಬಿದ್ದು ಆದ ಅಪಘಾತಗಳಲ್ಲಿ ಹಗ್ಗ, ಚೈನು, ಟಾರ್ಪಾಲ್ ಹೇಗಿತ್ತೋ ಹಾಗೇ ಫೋಟೋ ತೆಗೆದು ವಶಕ್ಕೆ ತೆಗೆದುಕೊಳ್ಳಲು ಠಾಣೆಗಳಿಗೆ ಹೇಳಿ. ಚಾಲಕನ ಕೈಯಲ್ಲಿರುವ ಬಿಲ್ ಅಥವಾ ಡೆಲಿವರಿ ಚಲನ್ ತೆಗೆದುಕೊಳ್ಳಿ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕಾದರೆ ಇ-ವೇ ಬಿಲ್‌ನಲ್ಲೇ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಚೀಟಿ) ಕಳಿಸಿದವರ ಹೆಸರೂ ಗಾಡಿ ನಂಬರೂ ಇರುತ್ತದೆ. ಲೋಡ್ ತುಂಬಿದ ಜಾಗದ ಕ್ಯಾಮೆರಾ ದೃಶ್ಯವನ್ನು ಮಾರನೇ ದಿನವೇ ಕೇಳಿ. ಕಲ್ಲು, ಮರಳು, ಜೆಲ್ಲಿ, ಎಣ್ಣೆ ಚೆಲ್ಲಿದ ಜಾಗದಲ್ಲಿ ಯಾರಾದರೂ ಬಿದ್ದರೆ, ಆ ದಾರಿಯ ಕ್ಯಾಮೆರಾಗಳನ್ನು ನೋಡುವ ಮೊದಲೇ ಸ್ವಯಂ ಅಪಘಾತ ಅಂತ ಬರೆಯಬೇಡಿ. ಹೆಲ್ಮೆಟ್ ಇಲ್ಲದವರ ನಂಬರ್ ಹಿಡಿಯುವ ಕ್ಯಾಮೆರಾಗಳು ಟಾರ್ಪಾಲ್ ಇಲ್ಲದ ಟಿಪ್ಪರ್‌ಗಳನ್ನೂ ನೋಡುತ್ತಲೇ ಇರುತ್ತವೆ.

194(1ಎ) ದಂಡ ಹಾಕುವಾಗ ಓಡಿಸಲು ಬಿಟ್ಟವರನ್ನೂ ಸೇರಿಸಿ. ಒಂದು ಅಂಗಡಿಗೆ, ಒಂದು ಕ್ರಷರ್‌ಗೆ, ಒಂದು ಗೋದಾಮಿಗೆ ಒಮ್ಮೆ 20,000 ರೂಪಾಯಿಯ ನೋಟಿಸು ಹೋದರೆ ಮಾರನೇ ದಿನ ಬಾಗಿಲಲ್ಲಿ ಹಗ್ಗದ ಸುರುಳಿ ನೇತಾಡುತ್ತದೆ. ನೂರಿನ್ನೂರು ರೂಪಾಯಿಯ ಹಗ್ಗ ಅದು.

ನಾನೂ ತಪ್ಪು ಮಾಡಿದ್ದೇನೆ. ನಾಲ್ಕು ವರ್ಷದ ಹಿಂದೆ ಮನೆ ಬದಲಾಯಿಸಿದಾಗ ಬೀರು, ಮಂಚ, ಗ್ಯಾಸ್ ಸ್ಟೌ ಎಲ್ಲ ಒಂದೇ ಗಾಡಿಗೆ ಹಾಕಿ ಅಂತ ಹಟ ಮಾಡಿದ್ದು ನಾನೇ. ಎರಡನೇ ಟ್ರಿಪ್ಪಿನ ಬಾಡಿಗೆ ಉಳಿಸಬೇಕಿತ್ತು. ಅವತ್ತು ಹಾಸಿಗೆಗಳ ಮೇಲೆ ಯಾರೂ ಹಗ್ಗ ಹಾಕಿರಲಿಲ್ಲ, ನಾನು ಗಮನಿಸಲೂ ಇಲ್ಲ. ಏನೂ ಆಗಲಿಲ್ಲ. ಆಗಿದ್ದರೆ ಎಫ್‌ಐಆರ್‌ನಲ್ಲಿ ಆ ಡ್ರೈವರ್ ಹೆಸರು ಮಾತ್ರ ಇರುತ್ತಿತ್ತು, ನನ್ನದು ಇರುತ್ತಿರಲಿಲ್ಲ. ಇರಬೇಕಿತ್ತು.

ನನ್ನ ಗಂಡನ ಪರಿಹಾರದ ಕೇಸು ಇನ್ನೂ ನಡೆಯುತ್ತಿದೆ. ಅದರಲ್ಲಿ ನಿಮ್ಮಿಂದ ಏನೂ ಸಹಾಯ ಕೇಳುತ್ತಿಲ್ಲ. ನಮ್ಮ ಹೂವಿನವರ ಫೈಲನ್ನು ಮಾತ್ರ ಒಮ್ಮೆ ತರಿಸಿ ನೋಡಿ. ಠಾಣೆಯ ಹೆಸರು, ಕ್ರೈಂ ನಂಬರ್, ಜೆಲ್ಲಿ ಬಿದ್ದಿದ್ದ ಜಾಗದ ಫೋಟೋ, ಆ ರಸ್ತೆಯಲ್ಲಿ ಕ್ಯಾಮೆರಾ ಇರುವ ಎರಡು ಅಂಗಡಿಗಳ ವಿವರ, ಎಲ್ಲವನ್ನೂ ಬೇರೆ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅವರ ಕೈ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ಹೂ ಕಟ್ಟುವ ಕೈ ಅದು.

ಇಂತಿ,
ಲಗ್ಗೆರೆಯ ಒಬ್ಬ ನಿವಾಸಿ